ಭಾವನ ಕನ್ನಡಿ

ಎರಡೂ ಎಕ್ಕ. ಭಾವ ಇಸ್ಪೀಟು ಎಲೆಗಳ ಮೂಲೆಯನ್ನು ಉಗುರಿನಷ್ಟೇ ಎತ್ತಿ ನೋಡಿ, ಮುಚ್ಚಿ, ಮೇಲೆ ಬಲ ಅಂಗೈ ಇಟ್ಟರು. ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಇದು ನಡೆದದ್ದನ್ನು ನಡೆದ ಹಾಗೆ ಹೇಳುವ ಕಥೆ, ಆದ್ದರಿಂದ ಕೈಯ ಸಂಗತಿಯನ್ನೂ ಹೇಳಬೇಕು. ಎಡಗೈ ತಾನಾಗಿ ಎದ್ದಿತು. ಹಣೆಯಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ ಏನನ್ನೋ ಹಿಡಿದು ಕೊಂಚ ತಿರುಗಿಸಿ ಇಳಿಯಿತು. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಕೈ ಅದು. ಭಾವ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಕೈಗೆ ಮಾತ್ರ ಇನ್ನೂ ಯಾರೂ ಹಾರ ಹಾಕಿ ಕಳಿಸಿಕೊಟ್ಟಿರಲಿಲ್ಲ.

ಪುಸ್ತಕ ಬೈಂಡಿಂಗ್ ಅಂಗಡಿಯ ಮಹಡಿ ಮೇಲಿನ ಕೋಣೆ. ಕೆಳಗಿನಿಂದ ಅಂಟಿನ ವಾಸನೆ ಬರುತ್ತಿತ್ತು. ಒಂದೇ ದೊಡ್ಡ ಮೇಜು, ಒಂಬತ್ತು ಕುರ್ಚಿ. ವರ್ಷಕ್ಕೊಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಪೋಕರ್ ಪಂದ್ಯ. ಪ್ರತಿಯೊಬ್ಬರ ಮುಂದೆ ಇಪ್ಪತ್ತು ಸಾವಿರದ ಬಿಲ್ಲೆಗಳು. ಬರೀ ಪ್ಲಾಸ್ಟಿಕ್ಕು, ಕೋಣೆಯಾಚೆ ಅರ್ಧ ಲೋಟ ಟೀಗೂ ಬಾರದವು. ಸಂಜೆ ಗೆದ್ದವರಿಗೆ ಒಂದು ಹಿತ್ತಾಳೆ ಕಪ್ಪು. ಕಪ್ಪಿನ ಆಸೆಗಿಂತ ಎಲ್ಲರಿಗೂ ಹೆಚ್ಚಿದ್ದದ್ದು ಹನ್ನೆರಡು ಗಂಟೆಯ ಬೆಲ್ಲಿನ ಹೆದರಿಕೆ. ಬೆಲ್ಲು ಹೊಡೆದಾಗ ಯಾರ ಮುಂದೆ ಎಲ್ಲರಿಗಿಂತ ಕಡಿಮೆ ಬಿಲ್ಲೆಯೋ ಅವರು ಕುರ್ಚಿ ಖಾಲಿ ಮಾಡಬೇಕು. ಬಾಗಿಲ ಹಿಂದೆ ಅಂಟಿಸಿದ ಪಟ್ಟಿಯಲ್ಲಿ ಹನ್ನೆರಡು ಜನ ಕಾಯುತ್ತಿದ್ದರು. ಎದ್ದವರ ಹೆಸರು ಪಟ್ಟಿಯ ತಳಕ್ಕೆ ಸೇರಿ, ವರ್ಷಕ್ಕೊಂದು ಮೆಟ್ಟಿಲಂತೆ ಮೇಲೆ ಬರಬೇಕು. ಭಾವನಿಗೆ ಆಗಲೇ ಅರವತ್ತೆಂಟು.

ಅವರು ಭಾವನಾದದ್ದು ಎದುರಿಗೆ ಕೂತಿದ್ದ ಕ್ಷೌರಿಕನಿಂದ. ಭಾವನ ಹೆಂಡತಿಯ ತಮ್ಮ ಅವನು. ಅವನು ಭಾವ ಅಂದಂದು ಕೋಣೆಗೆಲ್ಲ ಭಾವನೇ ಆದರು. ಅವನನ್ನು ಮಾತ್ರ ಎಲ್ಲರೂ ಕತ್ತರಿ ಅನ್ನುತ್ತಿದ್ದರು. ಒಂದು ಸಲ ಕುತ್ತಿಗೆಗೆ ಬಟ್ಟೆ ಸುತ್ತಿ ಕೂರಿಸಿದರೆ ಸಾಕು, ಗಿರಾಕಿ ಹೋದ ಮೇಲೆ ಅವರ ಕೆಮ್ಮು, ಕುಂಟು, ಗೊಣಗು ಎಲ್ಲವೂ ಕತ್ತರಿಯ ಮೈಮೇಲೆ ಬರುತ್ತಿದ್ದವು. ಒಂಬತ್ತು ವರ್ಷ ಪಟ್ಟಿಯಲ್ಲಿ ಕಾದು, ಆರು ವರ್ಷದ ಹಿಂದೆ ಅವನಿಗೂ ಇಲ್ಲಿ ಕುರ್ಚಿ ಸಿಕ್ಕಿತ್ತು.

ಬೆಳಗಿನ ಹೊತ್ತು ಪ್ರತಿ ಆಟದಲ್ಲಿ ಸರದಿಯಂತೆ ಇಬ್ಬರು ಕಡ್ಡಾಯವಾಗಿ ಇಡಬೇಕಾದದ್ದು ಇಪ್ಪತ್ತೈದು, ಐವತ್ತು. ಇಪ್ಪತ್ತು ಸಾವಿರದ ಮುಂದೆ ಅದು ಯಾವ ಲೆಕ್ಕ? ಆ ಹೊತ್ತಿನಲ್ಲಿ ಆತುರ ಪಡುವವನು ಖಾಲಿ ರಸ್ತೆಯಲ್ಲಿ ಹಾರ್ನ್ ಹೊಡೆದ ಹಾಗೆ. ಇದನ್ನು ಹೆಂಡತಿ ಕೂಡ ಅಂಗಿಯ ಗುಂಡಿ ಹಾಕುತ್ತಾ ಹೇಳಿ ಕಳಿಸಿದ್ದರು. ಆದರೆ ಎರಡು ಎಕ್ಕ ಕೈಗೆ ಬಂದಾಗ ಹೆಂಡತಿಯ ಮಾತು ಯಾರಿಗೆ ನೆನಪಿರುತ್ತದೆ.

ಭಾವ ಇನ್ನೂರು ಇಟ್ಟರು. ಕತ್ತರಿ ಆಟ ಬಿಟ್ಟು ಎಲೆ ಕೆಳಗಿಟ್ಟ. ಉಳಿದವರೂ ಬಿಟ್ಟರು. ಕಿಟಕಿ ಪಕ್ಕದ ಗಣಿತದ ಮೇಡಂ ಮಾತ್ರ ಕನ್ನಡಕ ಒರೆಸಿಕೊಂಡು ತಾವೂ ಇನ್ನೂರು ಇಟ್ಟರು. ಮೇಜಿನ ನಡುವೆ ಎಲ್ಲರೂ ತಮ್ಮ ಎಲೆಗೆ ಕೂಡಿಸಿಕೊಳ್ಳಬಹುದಾದ ಐದರಲ್ಲಿ ಮೊದಲ ಮೂರು ಎಲೆ ಬಿದ್ದವು: ರಾಣಿ, ಒಂಬತ್ತು, ನಾಲ್ಕು. ಭಾವ ಜೋರಾಗಿ ಹಾಕಿದರು, ಮೇಡಂ ಸರಿಗಟ್ಟಿದರು. ನಾಲ್ಕನೇ ಎಲೆಗೆ ಭಾವ ಇನ್ನೂ ಜೋರಾದರು. ಮೇಡಂ ಅದರ ಮೂರು ಪಟ್ಟು ಮುಂದೆ ತಳ್ಳಿದರು. ಭಾವ ಸರಿಗಟ್ಟಿದರು. ಐದನೇ ಎಲೆಗೆ ಮೇಡಂ, ಉಳಿದದ್ದೆಲ್ಲ ಇಡಿ ಅಂದಾಗ ಭಾವನ ಕಾಲಿಗೆ ಬ್ರೇಕು ಸಿಕ್ಕಿತು. ಎಲೆ ಕೆಳಗಿಟ್ಟರು. ಅಷ್ಟರಲ್ಲಿ ಹದಿನೈದು ಸಾವಿರ ಮೇಜಿನ ಆಚೆ ದಡ ಸೇರಿತ್ತು. ಮೇಡಂ ತಮ್ಮ ಎಲೆಗಳನ್ನು ತಿರುಗಿಸಿದರು. ಕೈಯಲ್ಲಿ ನಾಲ್ಕರ ಜೋಡಿ, ನಡುವೆ ಇನ್ನೊಂದು ನಾಲ್ಕು.

"ನನ್ನದು ಪುಟ್ಟ ಜೋಡಿ ಭಾವ," ಅಂದರು. "ಮೂರನೇದು ಬರದಿದ್ರೆ ಇನ್ನೂರಕ್ಕೇ ಇಳಿದುಬಿಡ್ತಿದ್ದೆ. ಇಷ್ಟೆಲ್ಲ ಬಿಲ್ಲೆ ಇರುವಾಗ ಒಂದೇ ಜೋಡಿ ನಂಬಿ ನೀವು ಅಷ್ಟು ದೂರ ಹೋಗಬಾರದಿತ್ತು."

ಹತ್ತೂವರೆಗೆ ಟೀ. ಭಾವ ಹೊರಗೆ ನಲ್ಲಿಯಲ್ಲಿ ಮುಖ ತೊಳೆದು ಬರುವಾಗ ಒಳಗಿಂದ ತಮ್ಮದೇ ಕೆಮ್ಮು ಕೇಳಿಸಿತು. ಬಾಗಿಲ ಸಂದಿಯಲ್ಲಿ ನೋಡಿದರೆ, ಕತ್ತರಿ ಅವರ ಕುರ್ಚಿಯಲ್ಲಿ ಅವರಂತೆಯೇ ಭುಜ ಬಾಗಿಸಿ ಕೂತಿದ್ದ. ಇಲ್ಲದ ಎಲೆಯ ಮೂಲೆ ಎತ್ತಿ ನೋಡಿದ. ಮುಖ ಕಲ್ಲು. ಎಡಗೈ ಎದ್ದು, ಗಾಳಿಯಲ್ಲಿ ಬಸ್ಸಿನ ಕನ್ನಡಿಯೊಂದನ್ನು ತಿರುಗಿಸಿ ಇಳಿಯಿತು.

"ಆರು ವರ್ಷದಿಂದ ನೋಡ್ತಿದೀನಿ," ಅಂದ ಕತ್ತರಿ, ತನ್ನ ದನಿಗೆ ಮರಳಿ. "ಕನ್ನಡಿ ಮುಟ್ಟಿದ್ರು ಅಂದ್ರೆ ಗಾಡಿ ಹೊರಟಿತು ಅಂತಲೇ. ಸುಮ್ನೆ ದಾರಿ ಬಿಟ್ಟುಬಿಡಿ. ನಮ್ಮ ಭಾವ ಖಾಲಿ ಗಾಡೀಲಿ ಕನ್ನಡಿ ಮುಟ್ಟೋರಲ್ಲ."

ಕೋಣೆ ನಕ್ಕಿತು. ಮೇಡಂ ಲೋಟದೊಳಗೆ ನೋಡಿಕೊಂಡು ನಕ್ಕರು. ಭಾವ ತಮ್ಮ ಎಡಗೈಯನ್ನು, ಯಾರೋ ಪ್ರಯಾಣಿಕರು ಸೀಟಿನಲ್ಲಿ ಬಿಟ್ಟುಹೋದ ಚೀಲದ ಹಾಗೆ ನೋಡಿದರು. ಆರು ವರ್ಷ. ಮತ್ತೆ ನಲ್ಲಿಗೆ ಹೋಗಿ ಇನ್ನೊಂದು ಸಲ ಮುಖ ತೊಳೆದು, ದೂರದಿಂದಲೇ ಕೆಮ್ಮುತ್ತಾ ಬಂದರು. ಕತ್ತರಿ ಎದ್ದು ಕುರ್ಚಿ ಒರೆಸಿ, ಟೀ ಕೊಟ್ಟ. ಸಕ್ಕರೆ ಕಲಸಿಯೂ ಇಟ್ಟಿದ್ದ.

ಆಮೇಲೆ ಭಾವ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಆಡಿದರು. ಒಳ್ಳೆಯ ಎಲೆ ಬರಲೇ ಇಲ್ಲ. ಕಡ್ಡಾಯದ ಪಾಲು ನೂರು, ಇನ್ನೂರಕ್ಕೆ ಏರಿತ್ತು. ಅಲ್ಲೊಂದು ಇಲ್ಲೊಂದು ಚಿಕ್ಕ ಆಟ ಗೆದ್ದು, ಐದು ಸಾವಿರವನ್ನು ಐದು ಸಾವಿರದಲ್ಲೇ ನಿಲ್ಲಿಸಿಕೊಂಡಿದ್ದರು. ಕತ್ತರಿಯದು ಬೇರೆ ಕಾಯಿಲೆ. ಕಡಿಮೆಗೆ ಸಿಗುತ್ತದೆಂದು ಎಲ್ಲ ಆಟಕ್ಕೂ ಇಣುಕಿ ಇಣುಕಿ, ತೂತು ಬಿದ್ದ ಟ್ಯಾಂಕಿನ ಹಾಗೆ ಸೋರಿ, ಅವನ ಬಳಿ ಏಳು ಸಾವಿರ ಉಳಿದಿತ್ತು. ಉಳಿದ ಏಳು ಜನರ ರಾಶಿ ಎತ್ತರದಲ್ಲಿತ್ತು. ಕುರ್ಚಿ ಬಿಡುವವರು ಈ ಇಬ್ಬರಲ್ಲಿ ಒಬ್ಬರು ಎಂದು ಮೇಜಿಗೆಲ್ಲ ಗೊತ್ತಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷ. ಕತ್ತರಿ ತನ್ನ ಎಲೆ ನೋಡಿ ಆರುನೂರು ಇಟ್ಟ. ಭಾವನಿಗೆ ಬಂದದ್ದು ಏಳು, ಎಂಟು. ಆರುನೂರು ಇಟ್ಟರು. ನಡುವೆ ಬಿದ್ದದ್ದು ಎಕ್ಕ, ಜಾಕಿ, ಎರಡು. ಭಾವನಿಗೆ ಒಂದೂ ಕೂಡಲಿಲ್ಲ. ಎಕ್ಕ ಕಂಡು ಕತ್ತರಿ ತನ್ನ ಎಲೆಗಳ ಮೂಲೆಯನ್ನು ಇನ್ನೊಂದು ಸಲ ಎತ್ತಿ ನೋಡಿದ, ಆದರೂ ಒಂಬೈನೂರು ತಳ್ಳಿದ. ಭಾವ ಸರಿಗಟ್ಟಿದರು. ನಾಲ್ಕನೇ ಎಲೆ, ಮೂರು. ಈಗ ಕತ್ತರಿ ಏನೂ ಇಡದೆ, ಮೇಜು ತಟ್ಟಿ ಸರದಿ ದಾಟಿಸಿದ.

ಗೋಡೆಯ ಗಡಿಯಾರದ ಸದ್ದು ಭಾವನ ಕಿವಿಯೊಳಗೇ ಬಡಿಯುತ್ತಿತ್ತು. ಎಡಗೈಯನ್ನು ತೊಡೆಯ ಕೆಳಗಿಂದ ತೆಗೆದರು. ಜೋಮು ಹಿಡಿದಿತ್ತು. ತಾನಾಗಿ ಏಳುತ್ತಿದ್ದ ಕೈಯನ್ನು ಬೇಕೆಂದೇ ಎತ್ತುವುದು ಇಷ್ಟು ಭಾರವೆಂದು ಅವರಿಗೆ ಗೊತ್ತಿರಲಿಲ್ಲ. ಹಣೆಯ ಮೇಲೆ ಒಂದು ಗೇಣು. ಹಿಡಿದರು. ಕೊಂಚ ತಿರುಗಿಸಿದರು. ಇಳಿಸಿ, ಉಳಿದ ಮೂರೂವರೆ ಸಾವಿರವನ್ನೂ ಮುಂದೆ ತಳ್ಳಿದರು.

ಕತ್ತರಿ ಬಿಲ್ಲೆ ನೋಡಲಿಲ್ಲ, ಕೈ ನೋಡಿದ. ಇನ್ನೂ ಎರಡು ಆಟಕ್ಕೆ ಸಮಯವಿದೆ ಎಂದು ಗಡಿಯಾರ ಹೇಳುತ್ತಿತ್ತು. ಕತ್ತರಿ ತನ್ನ ಕೈಯಲ್ಲಿದ್ದ ಎರಡು ರಾಜರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದ.

"ದಾರಿ ಬಿಟ್ಟೆ ಭಾವ. ಹೊರಡಿ."

ಮುಂದಿನ ಎರಡು ಆಟದಲ್ಲಿ ಅವನಿಗೆ ಬಂದದ್ದು ಕಸ. ಬೆಲ್ಲು ಹೊಡೆಯಿತು. ಮೇಡಂ ಇಬ್ಬರ ರಾಶಿಯನ್ನೂ ಅಕ್ಕಪಕ್ಕ ನಿಲ್ಲಿಸಿದರು, ಎಣಿಸುವುದೇ ಬೇಕಾಗಲಿಲ್ಲ. ಕತ್ತರಿ ತನ್ನ ರಾಶಿಯನ್ನೇ ನೋಡುತ್ತಾ ಕೇಳಿದ, "ಎಕ್ಕದ ಜೊತೆ ಏನಿತ್ತು ಭಾವ?"

"ಎಂಟು."

"ಎಕ್ಕ, ಎಂಟಾ?"

"ಏಳು, ಎಂಟು." ಭಾವನ ದನಿ ಸಣ್ಣದಾಗಿತ್ತು. "ಖಾಲಿ ಗಾಡಿ ಕಣಯ್ಯಾ."

ಕತ್ತರಿ ಭಾವನ ಎಡಗೈಯನ್ನು ನೋಡಿದ, ಬಾಗಿಲನ್ನು ನೋಡಿದ, ಅಲ್ಲಿ ಈಗಲೂ ಒಂದು ಬೆರಳಷ್ಟು ಸಂದಿ ಇದ್ದದ್ದನ್ನು ನೋಡಿದ. ಹೊಟ್ಟೆಯ ಯಾವುದೋ ತಳದಿಂದ ನಗು ಎದ್ದು ಬಂತು. ಮೇಜು ಗುದ್ದಿ, ಕಣ್ಣು ಒರೆಸಿಕೊಂಡು, ಉಳಿದವರ ನಗುವೆಲ್ಲ ಮುಳುಗಿಹೋಗುವಷ್ಟು ಜೋರಾಗಿ ನಕ್ಕ. ಆಮೇಲೆ ಎದ್ದು ಕುರ್ಚಿಯನ್ನು ಮೇಜಿನ ಕೆಳಕ್ಕೆ ಅಚ್ಚುಕಟ್ಟಾಗಿ ಸೇರಿಸಿದ. ಭಾವನಂತೆ ಭುಜ ಬಾಗಿಸಿ, ಗಾಳಿಯಲ್ಲಿ ಕನ್ನಡಿ ತಿರುಗಿಸಿ, "ಬರ್ಲಿ... ಬರ್ಲಿ..." ಎಂದು ತಾನೇ ಕಂಡಕ್ಟರನೂ ಆಗಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬಾಗಿಲು ದಾಟಿದ.

ಮೆಟ್ಟಿಲಿಳಿಯುವಾಗಲೂ ಅವನ ನಗು ಕೇಳಿಸುತ್ತಿತ್ತು. ಭಾವನ ಮುಂದೆ ಎಲೆಗಳಿರಲಿಲ್ಲ. ಎಡಗೈ ತಾನಾಗಿ ಎದ್ದಿತು. ಬಾಗಿಲು ಕಾಣುವಷ್ಟು ಕನ್ನಡಿಯನ್ನು ತಿರುಗಿಸಿ, ಅಲ್ಲೇ ನಿಂತಿತು.