ಕರ್ಪೂರ ಆರುವುದರೊಳಗೆ

ಇದನ್ನು ಪೂರ್ತಿ ಕೇಳಿಬಿಡಿ, ನಡುವೆ ಎದ್ದು ಹೋಗಬೇಡಿ. ದೊಡ್ಡ ಕಥೆಯೇನಲ್ಲ, ಒಂದು ಬಿಲ್ಲೆ ಕರ್ಪೂರ ಹತ್ತಿಕೊಂಡು ಆರುವಷ್ಟು ಹೊತ್ತಿನದು. ಆದರೆ ಆ ಹೊತ್ತು ಕಳೆಯುವುದರೊಳಗೆ ಉಷಾರಾಣಿಗೆ ಜೀವ ಬಾಯಿಗೆ ಬಂದಿತ್ತು.

ಆಂಧ್ರದ ಗಡಿಯಲ್ಲಿ, ರಾಯದುರ್ಗದಿಂದ ಓಬಳಾಪುರದ ಕಡೆಗೆ ಹೋಗುವ ದಾರಿಯಲ್ಲಿ ಕರಿಗುಂಡ್ಲಹಳ್ಳಿ ಅಂತ ಒಂದು ಊರು. ಅಲ್ಲೊಂದು ರೂಢಿ ಇದೆ. ಓಟಿನಲ್ಲಿ ಗೆದ್ದವರು ಯಾರೇ ಬರಲಿ, ಆರತಿ ಬೆಳಗುವವರೆಗೆ ಗಾಡಿಯಿಂದ ಕಾಲು ಕೆಳಗಿಡುವುದಿಲ್ಲ. ಬೆಳಗಿದ್ದೇ ತಡ, ತಮಟೆ, ಪಟಾಕಿ, ಹಾರ, ಭಾಷಣ. ಆ ಗದ್ದಲದಲ್ಲಿ ಜನರ ಮಾತು ಯಾರ ಕಿವಿಗೂ ಬೀಳದು. ಅದಕ್ಕೇ ಕೇಳುವುದನ್ನು ಆರತಿಗೆ ಮುಂಚೆಯೇ ಕೇಳಬೇಕು ಎಂದು ಹೂಟ ಹೂಡಿದವರು ಕಿರಾಣಿ ಅಂಗಡಿಯ ಸರ್ವಮಂಗಳಮ್ಮ.

ಕೇಳಬೇಕಾಗಿದ್ದದ್ದು ಒಂದೇ ಮಾತು. ಊರಿನ ಕನ್ನಡ ಹೈಸ್ಕೂಲಿನಲ್ಲಿ ಹೋದ ವರ್ಷದಿಂದ ಲೆಕ್ಕದ ಮೇಷ್ಟ್ರಿಲ್ಲ. "ಅಸೆಂಬ್ಲಿಯಲ್ಲಿ ಕೇಳುತ್ತೇನೆ" ಎಂದು ಎಮ್ಮೆಲ್ಯೆ ಸಾಹೇಬರು ಶಾಲೆಯ ಕಟ್ಟೆಯ ಮೇಲೆ ನಿಂತೇ ಮಾತು ಕೊಟ್ಟಿದ್ದರು. ಸೆಷನ್ ಶುರುವಾದದ್ದೇ ಹೆಂಗಸರೆಲ್ಲ ಅಂಗಡಿಯ ಮುಂದೆ ಕೂತು, ಫೋನನ್ನು ಬೆಲ್ಲದ ಡಬ್ಬಿಗೆ ಒರಗಿಸಿಟ್ಟು ಲೈವ್ ನೋಡಿದರು. ಸಾಹೇಬರು ಮೊದಲ ದಿನ ಕಂಡರು, ಒಮ್ಮೆ ಆಕಳಿಸಿದರು. ಆಮೇಲೆ ಆ ಕುರ್ಚಿ ಖಾಲಿ.

"ನೆಟ್ ಹೋದಾಗ ಮಾತಾಡಿದ್ರೇನೋ," ಎಂದಳು ಪಕ್ಕದ ಮನೆಯ ತ್ರಿವೇಣಿ.

"ಹೌದವ್ವ, ನೆಟ್ ಹೋಗಾದನ್ನ ಕಾಯ್ಕಂತ ಕುಂತಿದ್ರು, ಪಾಪ," ಎಂದರು ಸರ್ವಮಂಗಳಮ್ಮ. "ನಾವ್ಯಾಕ ತಲಿ ಕೆಡಿಸ್ಕೋಬೇಕು? ಬರ್ಲಿ, ಅವ್ರನ್ನೇ ಕೇಳಾನ."

ಆರತಿ ತಟ್ಟೆ ಹಿಡಿಯುವವರು ಯಾರು ಎಂದಾಗ ಎಲ್ಲರೂ ಉಷಾರಾಣಿಯ ಮುಖ ನೋಡಿದರು. ಮಡಕಶಿರದ ಹತ್ತಿರ ಗುಡಿಬಂಡೆಯಿಂದ ಮದುವೆಯಾಗಿ ಬಂದವಳು, ಮಾತು ನೇರ. ಆದರೆ ಅವಳು ಅಂಗನವಾಡಿಯಲ್ಲಿ ಆಯಾ. ಟೀಚರ್ ಜಾಗ ಖಾಲಿ ಬಿದ್ದಿತ್ತು, ಅದಕ್ಕೆ ಅರ್ಜಿ ಹಾಕಿದ್ದಳು. ಸಾಹೇಬರು ಹೂಂ ಅಂದರೆ ಕೆಲಸ, ಉಹೂಂ ಅಂದರೆ ಇಲ್ಲ.

"ನನ್ ಕೆಲ್ಸ ಅವ್ರ ಕೈಯಾಗೈತೆ ಕಣಕ್ಕ," ಎಂದಳು.

"ನಿನ್ನ ಮಗಳು ಹತ್ತನೇ ಕ್ಲಾಸು. ಆಕಿ ಲೆಕ್ಕ ಯಾರ ಕೈಯಾಗೈತಿ?" ಎಂದರು ಸರ್ವಮಂಗಳಮ್ಮ.

ಉಷಾರಾಣಿ ಮನೆಗೆ ಬಂದು ತಟ್ಟೆ ತೊಳೆದಿಟ್ಟಳು.

ಗುರುವಾರ ಬೆಳಿಗ್ಗೆ ಗಾಡಿ ಬಂತು. ಮೊದಲು ಜಿಗಿದವನು ಸಾಹೇಬರ ಪಿಎ ಗೋವರ್ಧನ್. "ಕಾನಿಯ್ಯಮ್ಮಾ, ತ್ವರಗಾ," ಎಂದು ತೆಲುಗಿನಲ್ಲಿ ಅವಸರ ಮಾಡಿದ. ಉಷಾರಾಣಿ ಕರ್ಪೂರ ಹಚ್ಚಿದಳು. ತಟ್ಟೆ ಎತ್ತಿದಳು. ಬೆಳಗಲಿಲ್ಲ.

"ಸಾರ್, ಲೆಕ್ಕದ ಮೇಷ್ಟ್ರ ವಿಚಾರ ಅಸೆಂಬ್ಲಿನಾಗೆ ಕೇಳ್ತೀನಿ ಅಂದಿದ್ರಲ್ಲ. ಕೇಳಿದ್ರಾ?"

ಎತ್ತಿದ ತಮಟೆ ಕೋಲು ಎತ್ತಿದಲ್ಲೇ ನಿಂತಿತು. ಸಾಹೇಬರು ನಕ್ಕರು.

"ಕೇಳೀನವ್ವ. ಕೇಳದೆ ಬಿಡ್ತೀನೇನು."

ಹಿಂದೆ ಯಾರೋ ಚಪ್ಪಾಳೆ ಹೊಡೆದರು. ಅಷ್ಟಕ್ಕೇ ಬೆಳಗಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ತವರಿನ ಅಭ್ಯಾಸ ಬೇರೆ. ಗುಡಿಬಂಡೆಯಲ್ಲಿ ಬೋರಿನ ನೀರಿನ ಸರದಿಗೆ ಜಗಳವಾದರೆ ಅವಳಪ್ಪ ಪೆದ್ದಣ್ಣ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಕಲ್ಲಿನ ಮೇಲೆ ಕರ್ಪೂರ ಹಚ್ಚುತ್ತಿದ್ದ. ನಿಜ ಹೇಳುವವನು ಅದನ್ನು ಅಂಗೈಯಲ್ಲಿ ಆರಿಸಿ ಹೇಳಬೇಕು. ಸುಳ್ಳನ ಕೈ ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ.

ಅವಳು ತಟ್ಟೆಯನ್ನು ಗಾಡಿಯ ಕಿಟಕಿಗೆ ಹಿಡಿದಳು. "ಹಂಗಾದ್ರೆ ಇದನ್ನ ಕೈಯಾಗೆ ಆರ್ಸಿ ಹೇಳ್ಬಿಡಿ ಸಾರ್. ನಮ್ಮ ಕಡೆ ಹಂಗೇಯ."

"ಆರತಿ ಆರ್ಸಂತಿಯೇನು? ತಲಿ ನೆಟ್ಟಗೈತೋ ಇಲ್ಲೋ?" ಗೋವರ್ಧನ್ ಹತ್ತಿರ ಬಂದು ದನಿ ಇಳಿಸಿದ. "ನಿನ್ನ ಫೈಲು ನನ್ನ ಟೇಬಲ್ ಮ್ಯಾಲೈತಿ. ನೆಪ್ಪಿರ್ಲಿ."

ಅವಳು ತಟ್ಟೆಯನ್ನು ಹಿಂದಕ್ಕೆ ತೆಗೆಯಲಿಲ್ಲ.

ಸಾಹೇಬರು ಕೈ ಎತ್ತಿದರು. ಊರೇ ಆ ಕೈಯನ್ನು ನೋಡುತ್ತಿತ್ತು. ಜ್ವಾಲೆಯ ಮೇಲೆ ಗೇಣು ದೂರಕ್ಕೆ ಬಂತು, ಇನ್ನೂ ಕೆಳಗಿಳಿಯಿತು, ನಿಂತಿತು. ಬೆವರು ಅವರ ಕಿವಿಯ ಪಕ್ಕ ಹರಿಯುವುದು ಉಷಾರಾಣಿಗೆ ಮಾತ್ರ ಕಾಣುತ್ತಿತ್ತು. ಅವರು ಮುಂದಕ್ಕೆ ಬಾಗಿ, ಅವಳೊಬ್ಬಳಿಗೇ ಕೇಳುವಂತೆ ಹೇಳಿದರು:

"ಕೇಳಿಲ್ಲವ್ವ. ಎರಡನೇ ದಿನದಿಂದ ಹೋಗೇ ಇಲ್ಲ. ಮುಂದಿನ ಸಲ ಕೇಳ್ತೀನಿ. ನಿನ್ನ ಪೋಸ್ಟು ಇವತ್ತೇ ಆಗ್ತೈತಿ. ಬೆಳಗು."

ಹೇಳಿ ಹಿಂದಕ್ಕೆ ಒರಗಿ, ಅದೇ ಕೈಗಳನ್ನು ಜೋಡಿಸಿ ಜನಕ್ಕೆ ನಮಸ್ಕಾರ ಮಾಡಿದರು. ಜನ ಅದನ್ನೇ ಪ್ರಮಾಣ ಅಂದುಕೊಂಡಿತು. ಮತ್ತೆ ಚಪ್ಪಾಳೆ.

"ಏನಂದ್ರು ಉಷಾ?" ಸರ್ವಮಂಗಳಮ್ಮನ ದನಿ ಹಿಂದಿನಿಂದ ಬಂತು.

ಕರ್ಪೂರ ಸವೆದು ಜ್ವಾಲೆ ನೀಲಿಯಾಗುತ್ತಿತ್ತು. ಕೈ ಒಂದು ಸುತ್ತು ತಿರುಗಿದರೆ ಸಾಕು. ಟೀಚರಮ್ಮ ಎನ್ನಿಸಿಕೊಳ್ಳಬಹುದು. ಮುಂದಿನ ಸಲ ಕೇಳಿದರೂ ಕೇಳಬಹುದು, ಯಾರಿಗೆ ಗೊತ್ತು. ಅವಳು ಜನರ ಕಡೆ ತಿರುಗಿದಳು.

"ಕೇಳಿಲ್ವಂತೆ. ಎರಡನೇ ದಿನದಿಂದ ಹೋಗೇ ಇಲ್ವಂತೆ. ಮುಂದಿನ ಸಲ ಕೇಳ್ತಾರಂತೆ. ನಾನು ಬೆಳಗಿದ್ರೆ ನನ್ ಪೋಸ್ಟು ಇವತ್ತೇ ಮಾಡಿಸ್ತಾರಂತೆ."

ಕರ್ಪೂರ ತಾನಾಗಿಯೇ ಆರಿತು.

ಯಾರೂ ಕೂಗಲಿಲ್ಲ, ಯಾರೂ ದಾರಿಯನ್ನೂ ಬಿಡಲಿಲ್ಲ. ಆರತಿಯಿಲ್ಲದೆ ಇಳಿಯುವ ಹಾಗಿಲ್ಲ. ತಿರುಗಿಸಲು ಓಣಿಯಲ್ಲಿ ಜಾಗವಿಲ್ಲ. ಅಷ್ಟು ದೊಡ್ಡ ಗಾಡಿ ಡಾಂಬರು ರಸ್ತೆಯವರೆಗೆ ರಿವರ್ಸಿನಲ್ಲೇ ಹೋಯಿತು, ಗೋವರ್ಧನ್ ಹಿಂದೆ ನಿಂತು ಕೈ ಬೀಸುತ್ತಾ, ಕೋಳಿಗಳನ್ನು ಓಡಿಸುತ್ತಾ.

ಮುಂದಿನ ಸೆಷನ್ನಿನಲ್ಲಿ ಬೆಲ್ಲದ ಡಬ್ಬಿಗೆ ಒರಗಿದ ಫೋನಿನಲ್ಲಿ ಸಾಹೇಬರು ಎದ್ದು ನಿಂತರು. ಕರಿಗುಂಡ್ಲಹಳ್ಳಿಯ ಹೆಸರು ಹೇಳಿದರು, ಲೆಕ್ಕದ ಮೇಷ್ಟ್ರು ಬೇಕೆಂದು ಕೇಳಿದರು. ತ್ರಿವೇಣಿ ಅತ್ತೇಬಿಟ್ಟಳು. ಪರಿಶೀಲಿಸುತ್ತೇವೆ ಎಂದರು ಮಂತ್ರಿ. ಮೇಷ್ಟ್ರು ಇನ್ನೂ ಬಂದಿಲ್ಲ. ಅಂಗನವಾಡಿಗೆ ಮಾತ್ರ ಟೀಚರ್ ಬಂದಿದ್ದಾಳೆ, ಬೇರೆ ಊರಿನವಳು. ದಿನಾ ಬೆಳಿಗ್ಗೆ ಅವಳಿಗೆ ಬೀಗ ತೆಗೆದುಕೊಡುವವಳು ಉಷಾರಾಣಿ.

ಈ ಶುಕ್ರವಾರ ಸಾಹೇಬರು ಮತ್ತೆ ಬರುತ್ತಾರಂತೆ. ಸರ್ವಮಂಗಳಮ್ಮ ಹೊಸ ಕರ್ಪೂರದ ಪೊಟ್ಟಣವನ್ನು ಉಷಾರಾಣಿಯ ಹೊಸ್ತಿಲ ಮೇಲಿಟ್ಟು ಹೋಗಿದ್ದಾರೆ. ಅವಳು ಅದನ್ನು ಒಳಗೂ ಒಯ್ದಿಲ್ಲ, ವಾಪಸ್ಸೂ ಕೊಟ್ಟಿಲ್ಲ.

ಅವತ್ತು ಆ ತಟ್ಟೆ ನಿಮ್ಮ ಕೈಯಲ್ಲಿದ್ದು, ಆ ಮಾತು ನಿಮ್ಮ ಕಿವಿಗೆ ಬಿದ್ದಿದ್ದರೆ, ನೀವೇನು ಮಾಡುತ್ತಿದ್ದಿರಿ?