ಹಳೆಯದಾಗಿಯೇ ಉಳಿಯಬೇಕಿದ್ದ ಕಂಪ್ಯೂಟರು

ನಾನೊಂದು ಕಂಪ್ಯೂಟರು. ಹುಟ್ಟಿದ್ದು ಧಾರವಾಡದ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಡಬ್ಬಿ ಒಂದು ಕಡೆಯದು, ಫ್ಯಾನು ಇನ್ನೊಂದು ಕಡೆಯದು, ಮದರ್‌ಬೋರ್ಡು ಮತ್ತೆಲ್ಲಿಯದೋ. ಸ್ಕ್ರೂಡ್ರೈವರ್ ಹಿಡಿದವನೊಬ್ಬ ಅರ್ಧ ದಿನದಲ್ಲಿ ನನ್ನನ್ನು ಜೋಡಿಸಿ, ಬೆನ್ನು ತಟ್ಟಿ, "ಇದರಷ್ಟು ಜೋರ ಓಡೂದು ಸದ್ಯ ಊರಾಗ ಇನ್ನೊಂದಿಲ್ಲ" ಎಂದ. ನಾನು ಅದನ್ನು ನಂಬಿಬಿಟ್ಟೆ. ಆ ಜಂಬ ಇಳಿಯಲು ಬಹಳ ದಿನ ಬೇಕಾಗಲಿಲ್ಲ.

ನನ್ನನ್ನು ಕೊಂಡವರು ಕಾಲೇಜಿನ ಪ್ರೊಫೆಸರ್ ಅನಸೂಯಾ ಕಡಕೋಳ. ಹೊಳೆ ನೀರಿನ ಲೆಕ್ಕ ಅವರ ವಿಷಯ. ಮೇಲಿನ ಅಣೆಕಟ್ಟಿನಿಂದ ಇಷ್ಟು ನೀರು ಬಿಟ್ಟರೆ ಕೆಳಗಿನ ಯಾವ ಊರಿಗೆ ಯಾವಾಗ, ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಹೇಳುವ ಒಂದು ತಂತ್ರಾಂಶವನ್ನು ಅವರು ಬರೆದಿದ್ದರು. ಯಾರು ಬೇಕಾದರೂ ಅದನ್ನು ಪುಕ್ಕಟೆ ಪಡೆಯಬಹುದಿತ್ತು, ಒಳಗಿನ ಬರಹ ಓದಬಹುದಿತ್ತು, ತಿದ್ದಬಹುದಿತ್ತು. ಮನುಷ್ಯರು ಬರೆದ ಆ ಸಾಲುಗಳನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸುವುದು ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ. ಆ ಕಂಪೈಲರಿಗೆ ಮನೆಯಾಗಿದ್ದು, ಮೇಡಂ ಬರೆದದ್ದನ್ನು ಓಡುವ ಪ್ರೋಗ್ರಾಮಾಗಿ ಕಟ್ಟಿಕೊಡುವುದು ನನ್ನ ಕೆಲಸ.

ಮೊದಲ ವರ್ಷ ನನ್ನೊಳಗೆ ಎರಡು ಕಂಪೈಲರುಗಳಿದ್ದವು. ಒಂದು ಕಂಪನಿಯಿಂದ ಕೊಂಡು ತಂದದ್ದು, ಇನ್ನೊಂದು ಪುಕ್ಕಟೆಯದು. ಕಂಪನಿಯದು ಕಟ್ಟಿದ ಪ್ರೋಗ್ರಾಮು ಲೆಕ್ಕವನ್ನು ಹನ್ನೊಂದು ನಿಮಿಷದಲ್ಲಿ ಮುಗಿಸುತ್ತಿತ್ತು, ಪುಕ್ಕಟೆಯದು ಕಟ್ಟಿದ್ದಕ್ಕೆ ಹತ್ತೊಂಬತ್ತು ಬೇಕಿತ್ತು. ನನಗೆ ಕಂಪನಿಯದರ ಮೇಲೆಯೇ ಪ್ರೀತಿ. ನನ್ನ ಹೊಸ ಪ್ರೊಸೆಸರಿನ ಒಂದು ಮೂಲೆಯನ್ನೂ ಅದು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೇಡಂಗೆ ಫೋನು ಬಂತು. ಮಾತಾಡಿದವನು ಚಿದಾನಂದ ಬಾರಕೇರ, ಹೊಳೆದಂಡೆಯ ಒಂದು ಊರಿನಲ್ಲಿ ಅಳತೆಗಂಬ ನೋಡಿ ನೀರಿನ ಮಟ್ಟ ಬರೆಯುವವನು. ದಂಡೆಯ ಮೇಲೆ ನಲವತ್ತು ಮನೆಗಳ ಒಂದು ಓಣಿ ಇತ್ತು. ನೀರು ಬರುತ್ತದೆ, ಏಳಿ ಎಂದು ಅವರಿಗೆ ಹೇಳಬೇಕಾದವನು ಅವನೇ.

"ಮೇಡಂ, ನಿಮ್ಮ ಪ್ರೋಗ್ರಾಮ್ ಹಾಕೇನ್ರಿ. ಒತ್ತಿದ ಕೂಡ್ಲೆ ಬಂದ್ ಬೀಳತೈತ್ರಿ. ನಮ್ಮ ಕಂಪ್ಯೂಟರ್ ಭಾಳ ಹಳೇದ್ರಿ. ಹೊಸಾದು ಕೊಡ್ರಿ ಅಂದ್ರ ಮುಂದಿನ ವರ್ಷ ಅಂತಾರ್ರಿ."

ಮೇಡಂ ಫೋನಿಟ್ಟು ನನ್ನ ಮುಂದೆ ಬಂದು ಕೂತರು. ಆಮೇಲೆ ಲ್ಯಾಬ್ ಸಹಾಯಕ ದಾವಲಸಾಬ ನದಾಫನನ್ನು ಕರೆದರು.

"ಕಂಪನಿ ಕಂಪೈಲರ್ ಬ್ಯಾಡ ನದಾಫ್. ಅದು ಹೊಸಾ ಪ್ರೊಸೆಸರ್ ನೋಡಿ ಕಟ್ಟತದ, ಅವರ ಕಡೆ ಓಡೂದಿಲ್ಲ. ನಾಳೆ ನಾವು ಇಲ್ಲದಾಗ ಅವರು ತಾವೇ ಕಟ್ಟಿಕೋಬೇಕಂದ್ರ ಅದನ್ನ ಎಲ್ಲಿಂದ ಕೊಳ್ತಾರ? ಎಂಟು ನಿಮಿಷ ತಡಾ ಆದ್ರ ಆಗಲಿ."

ಅಷ್ಟಕ್ಕೇ ಬಿಡಲಿಲ್ಲ. ನನ್ನ ಹೊಸ ಸಿಸ್ಟಮನ್ನು, ಎಂದರೆ ನನ್ನನ್ನು ನಡೆಸುವ ಮೂಲ ತಂತ್ರಾಂಶವನ್ನು, ಅಳಿಸಿ, ಚಿದಾನಂದನ ಕಂಪ್ಯೂಟರಿನಲ್ಲಿದ್ದಂಥದೇ ಹಳೆಯದನ್ನು ತುಂಬಿದರು. "ಹಳೇದರ ಮ್ಯಾಲೆ ಕಟ್ಟಿದ್ದು ಹೊಸದರ ಮ್ಯಾಲೂ ಓಡತದ. ಹೊಸದರ ಮ್ಯಾಲೆ ಕಟ್ಟಿದ್ದು ಹಳೇದಕ್ಕ ಹತ್ತೂದಿಲ್ಲ" ಎಂದರು. ಹಳೆಯ ಸಿಸ್ಟಮ್ ಇರುವ ಯಂತ್ರ ನೆಟ್‌ವರ್ಕಿನಲ್ಲಿದ್ದರೆ ಅಪಾಯವೆಂದು ಕೇಬಲನ್ನೂ ಕಿತ್ತರು. ನನ್ನ ಹಣೆಗೆ ಒಂದು ಚೀಟಿ ಅಂಟಿಸಿದರು: ಇದನ್ನು ಅಪ್‌ಡೇಟ್ ಮಾಡಬಾರದು.

ಅಲ್ಲಿಗೆ ನಾನು ಒಂಟಿಯಾದೆ. ಕೋಣೆಯ ಬೇರೆ ಕಂಪ್ಯೂಟರುಗಳು ಕೇಬಲಿನಲ್ಲಿ ದಿನವಿಡೀ ಹರಟುತ್ತಿದ್ದವು. ವರ್ಷಕ್ಕೆರಡು ಸಲ ಹೊಸತನ ತುಂಬಿಸಿಕೊಂಡು, ನಾಲ್ಕಾರು ವರ್ಷಕ್ಕೆ ಹೊರಟುಹೋಗುತ್ತಿದ್ದವು. ಅವುಗಳ ಜಾಗಕ್ಕೆ ಬಂದವುಗಳಿಗೆ ನನ್ನ ಗುರುತೂ ಇರುತ್ತಿರಲಿಲ್ಲ. ನನ್ನ ಬಳಿ ಬರುತ್ತಿದ್ದುದು ಒಂದು ಪೆನ್‌ಡ್ರೈವ್ ಮಾತ್ರ. ಅದು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು, ಕಟ್ಟಿದ್ದನ್ನು ಹೊತ್ತು ಹೊರಡುತ್ತಿತ್ತು. ಪುಕ್ಕಟೆ ಕಂಪೈಲರ್ ಒಂದೇ ನನ್ನ ಜೊತೆಗಾರ, ಅದಕ್ಕೋ ಕೆಲಸವಿಲ್ಲದಾಗ ಮಾತೇ ಬಾರದು. ಚಿದಾನಂದನ "ಮುಂದಿನ ವರ್ಷ" ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

ಚೀಟಿ ಅಂಟಿಸಿದ ಏಳನೆಯ ವರ್ಷದ ಆಯುಧಪೂಜೆಗೆ ಲ್ಯಾಬಿನ ಯಂತ್ರಗಳನ್ನೆಲ್ಲ ಒರೆಸಿದರು. ಒದ್ದೆ ಬಟ್ಟೆಗೆ ನನ್ನ ಚೀಟಿ ಕಿತ್ತುಹೋಯಿತು. ಮೇಡಂ ರಜೆಯ ಮೇಲಿದ್ದರು. ನದಾಫ್ ಎಲ್ಲ ಯಂತ್ರಗಳಿಗೂ ಹೊಸ ಸಿಸ್ಟಮ್ ಹಾಕಿ, ಕೊನೆಗೆ ನನ್ನ ಮುಂದೆ ನಿಂತ.

"ಪಾಪ, ಹಬ್ಬದಾಗ ಇದೊಂದ ಹಳೇ ಅಂಗಿ ಯಾಕ ಹಾಕ್ಕೊಂಡಿರಬೇಕು? ನಾಕ ದಿನ ಇದೂ ನೆಟ್ ನೋಡಲಿ."

ಮೇಡಂ ಮಾತು ಅವನಿಗೆ ಮರೆತಿರಲಿಲ್ಲ, ಆದರೆ ಚಿದಾನಂದನಿಗೆ ಇಷ್ಟೊತ್ತಿಗೆ ಹೊಸ ಕಂಪ್ಯೂಟರು ಬಂದಿರಲೇಬೇಕು ಎಂದುಕೊಂಡ. ಕೇಳಲಿಲ್ಲ. ಕೇಬಲ್ ಸಿಕ್ಕಿಸಿದ, ಕುಂಕುಮ ಹಚ್ಚಿದ, ಚೆಂಡುಹೂವು ಇಟ್ಟ. ನನ್ನ ಮೇಲೆಯೇ ಪ್ರೋಗ್ರಾಮಿನ ಹೊಸ ಆವೃತ್ತಿ ಕಟ್ಟಿ ಎಲ್ಲರಿಗೂ ಸಿಗುವಂತೆ ಇಟ್ಟ.

ಆ ನಾಲ್ಕು ದಿನ ನಾನೆಷ್ಟು ಸುಖಪಟ್ಟೆ ಎಂದು ಹೇಳಲು ಈಗಲೂ ಬಾಯಿ ಬರುವುದಿಲ್ಲ. ಪಕ್ಕದವುಗಳು ಕರೆದರೆ ಓಗೊಡುತ್ತಿದ್ದೆ. ಎಲ್ಲೆಲ್ಲಿಂದಲೋ ಸುದ್ದಿ ಬರುತ್ತಿತ್ತು. ನಾನೂ ಹತ್ತರ ಜೊತೆ ಹನ್ನೊಂದನೆಯದಾಗಿದ್ದೆ.

ಐದನೆಯ ದಿನ ಮಧ್ಯಾಹ್ನ ಮೇಡಂ ರಜೆ ಮುಗಿಸಿ ಬಂದು ಕೂರುವಷ್ಟರಲ್ಲಿ ಚಿದಾನಂದನ ಫೋನು.

"ಮೇಡಂ, ಹಳೇ ಪ್ರೋಗ್ರಾಮ್ ತೆಗದು ಹೊಸಾದು ಹಾಕೇನ್ರಿ. ಶುರುನ ಆಗವಲ್ದು. ಮ್ಯಾಲೆ ಡ್ಯಾಮಿನ ಬಾಗಿಲಾ ತೆಗದಾರಂತ್ರಿ. ನೀರು ಎಷ್ಟೊತ್ತಿಗೆ ಬರತೈತಿ ಅಂತ ಜನರಿಗೆ ಏನ್ ಹೇಳ್ಲಿರಿ?"

"ಎಷ್ಟು ನೀರು ಬಿಟ್ಟಾರ ಹೇಳ್ರಿ, ನಾನೇ ಲೆಕ್ಕಾ ಮಾಡಿ..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ. ಮೇಡಂ ನನ್ನತ್ತ ತಿರುಗಿ ನೋಡಿದರು. ಕುಂಕುಮ, ಹೂವು, ಕೇಬಲ್, ಎಲ್ಲವೂ ಅವರ ಕಣ್ಣಿಗೆ ಬಿತ್ತು. ಮತ್ತೆ ಫೋನೆತ್ತಿ ಅದೇ ನಂಬರು ಒತ್ತತೊಡಗಿದರು.

ಮರುದಿನ ಮಧ್ಯಾಹ್ನದವರೆಗೆ ಸುದ್ದಿಯಿಲ್ಲ. ಆಮೇಲೆ ಚಿದಾನಂದನ ದನಿ ಬಂತು, ಒಡೆದುಹೋಗಿತ್ತು. ಅಳತೆಗಂಬ ನೋಡಿ ಅಂದಾಜಿನ ಮೇಲೆ ಓಣಿಯ ಜನರನ್ನು ಎಬ್ಬಿಸಿ ಊರಿನ ಶಾಲೆಗೆ ಸಾಗಿಸಿದ್ದ. ಕೊನೆಯ ಮನೆಯವರು ಹೊರಡುವಾಗ ನೀರು ಸೊಂಟಕ್ಕೆ ಬಂದಿತ್ತು. "ಮಂದಿ ಎಲ್ಲಾ ಅದಾರ್ರಿ. ಒಂದ್ ತಾಸು ಮದ್ಲ ಗೊತ್ತಾಗಿದ್ರ ದನಾನೂ ಉಳೀತಿದ್ದೂ."

ನದಾಫ್ ಮುಖ ಮುಚ್ಚಿಕೊಂಡು ಅತ್ತ. ಸಂಜೆಯೊಳಗೆ ತನ್ನ ಕೈಯಾರೆ ನನ್ನನ್ನು ಮತ್ತೆ ಹಳೆಯದು ಮಾಡಿದ. ಕೇಬಲ್ ಕೀಳುವಾಗ ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ನಾನು ಸುಖವಾಗಿದ್ದ ನಾಲ್ಕೇ ದಿನಗಳಲ್ಲಿ ಹೀಗಾಗಿತ್ತು. ಇನ್ನೆಂದೂ ಅಂಥ ದಿನ ಬೇಡ ಎಂದುಕೊಂಡೆ.

ಆ ವರ್ಷವೇ ಮೇಡಂ ನಿವೃತ್ತರಾದರು. ನಾನು ನದಾಫನ ಪಾಲಿಗೆ ಬಂದೆ. ಇನ್ನೂ ಏಳು ವರ್ಷ ಅವನು ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಹಳೆಯದಾಗಿಯೇ ಕಾಪಾಡಿದ. ಫ್ಯಾನು ಸತ್ತರೆ ಗುಜರಿ ಅಂಗಡಿ ಸುತ್ತಿ ಅಂಥದೇ ತಂದ. ಪ್ರತಿ ಮಳೆಗಾಲದ ಮುಂಚೆ ನಾನು ಕಟ್ಟಿಕೊಟ್ಟೆ, ಪ್ರತಿ ಮಳೆಗಾಲವೂ ಆ ಓಣಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಿತು.

ಹೋದ ವರ್ಷ ಬಿಳಿ ಮೀಸೆಯ ಒಬ್ಬ ಮನುಷ್ಯ ಲ್ಯಾಬಿಗೆ ಬಂದ. ಬಾಯಿ ತೆರೆದ ಕೂಡಲೇ ದನಿ ಗುರುತು ಹಿಡಿದೆ.

"ಹೊಸಾ ಕಂಪ್ಯೂಟರ್ ಕೊಟ್ರು ನೋಡ್ರಿ ಕಡೀಕ! ಮೂರು ನಿಮಿಷಕ್ಕ ಲೆಕ್ಕಾ ಕೊಡತೈತಿ. ಹೇಳಿ ಹೋಗೂಣು ಅಂತ ಬಂದೆ. ಇಷ್ಟು ದಿನ ಯಾವುದರಾಗ ಕಟ್ಟತಿದ್ರಿ?"

ನದಾಫ್ ನನ್ನನ್ನು ತೋರಿಸಿದ.

"ಇಷ್ಟ ಸಣ್ಣದೇನ್ರಿ!" ಎಂದು ಚಿದಾನಂದ ನನ್ನ ತಲೆಯ ಮೇಲೆ ಕೈಯಿಟ್ಟ. ಒರಟು ಕೈ. ಹದಿನಾಲ್ಕು ವರ್ಷ ಅವನಿಗಾಗಿ ದುಡಿದ ನನ್ನ ಬಳಿ ಅವನು ನಿಂತಿದ್ದು ಒಂದೇ ನಿಮಿಷ. ಬಸ್ಸಿಗೆ ತಡವಾಗಿತ್ತು.

ನನ್ನಂಥ ಹಳೆಯದರ ಮೇಲೆ ಕಟ್ಟಿದ್ದು ಇನ್ನೂ ಬೇಕೇ ಎಂದು ನದಾಫ್ ಈ ಸಲ ಎಲ್ಲರಿಗೂ ಬರೆದು ಕೇಳಿದ. ಯಾರಿಗೂ ಬೇಡವಾಗಿತ್ತು. ನನಗೆ ಹೊಸ ಸಿಸ್ಟಮ್ ಹಾಕಿ ಕೇಬಲ್ ಕೊಡೋಣವೆಂದು ಎರಡು ದಿನ ಹೆಣಗಿದ. ನನ್ನ ವಯಸ್ಸಿಗೆ ಅದು ಒಗ್ಗಲಿಲ್ಲ, ಅರ್ಧಕ್ಕೇ ನಿಂತುಹೋಯಿತು. ಈಗ ನಾನು ಮೆಟ್ಟಿಲ ಕೆಳಗಿದ್ದೇನೆ, ಮುರಿದ ಕುರ್ಚಿಗಳ ಜೊತೆ.

ಆ ಓಣಿಗೆ ನಾನು ಬೇಡವಾದೆ. ನನ್ನ ಬಾಳಿನಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಸುದ್ದಿ ಅದು. ಅವರ ಕಂಪ್ಯೂಟರು ಇನ್ನೊಂದು ವರ್ಷ ತಡವಾಗಿ ಬರಬಹುದಿತ್ತಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಅನಿಸಿದ್ದಕ್ಕೆ ನಾಚಿಕೆಯಾಗುತ್ತದೆ.