ಕೆಂಪಗೇರಿ ಸಭೆಯ ಜಮಖಾನೆ

ನಾನು ಒಂದು ಜಮಖಾನೆ. ನನ್ನನ್ನು ನೇಯ್ದವನು ಕೆಂಪಗೇರಿಯ ನೇಕಾರ ಯೋಹಾನಪ್ಪ. ಊರಿನ ಇಪ್ಪತ್ತು ಕ್ರೈಸ್ತ ಮನೆಗಳವರು ಸೀರೆ ನೇಯ್ದು ಉಳಿದ ನೂಲನ್ನು ತಂದುಕೊಟ್ಟರು. ಅವನು ಅದನ್ನು ನಾಲ್ಕೆಳೆಯಾಗಿ ಹೊಸೆದು, ಕುಣಿಮಗ್ಗಕ್ಕೆ ಹಾಕಿ ಹದಿನೆಂಟು ದಿನ ದುಡಿದ. ಒಬ್ಬರ ಮನೆಯ ಕೆಂಪು ಇನ್ನೊಬ್ಬರ ಮನೆಯ ಕೆಂಪಿಗೆ ಹೊಂದುತ್ತಿರಲಿಲ್ಲ. ಹಾಗಾಗಿ ನಾನು ನೋಡಲು ಅಷ್ಟೇನೂ ಚೆಲುವಾಗಿರಲಿಲ್ಲ. ಆದರೆ ಗಟ್ಟಿ ಇದ್ದೆ. ಪ್ರಾರ್ಥನಾಲಯದಲ್ಲಿ ಎಲ್ಲರೂ ಕೂಡಲು ನನ್ನನ್ನು ಹಾಸಿದರು.

ಆಗ ಕೆಂಪಗೇರಿಯ ಸಭೆಗೆ ಪಾದ್ರಿ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಪಟ್ಟಣದಿಂದ ಒಬ್ಬರು ಬಸ್ಸಿನಲ್ಲಿ ಬಂದು, ಪ್ರಭುಭೋಜನ ಕೊಟ್ಟು, ಹುಟ್ಟಿದ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ ಹೋಗುತ್ತಿದ್ದರು. ಉಳಿದದ್ದೆಲ್ಲ ಇವರದೇ. ಒಬ್ಬ ಓದುತ್ತಿದ್ದ, ಮತ್ತೊಬ್ಬ ಹಾಡು ಎತ್ತುತ್ತಿದ್ದ. ಅಕ್ಷರ ಬಾರದ ಸೂಲಗಿತ್ತಿ ಕರುಣವ್ವ ಪ್ರಾರ್ಥನೆ ಮಾಡುತ್ತಿದ್ದಳು. ಅವಳ ಪ್ರಾರ್ಥನೆ ಎಂದರೆ ಪಕ್ಕದ ಮನೆಯವರೊಂದಿಗೆ ಜಗಳಕ್ಕೆ ನಿಂತ ಹಾಗೆ. "ಯಪ್ಪಾ, ಈ ಕೂಸು ನೀ ಕೊಟ್ಟದ್ದು. ಈಗ ಮೈ ಸುಡಾಕತ್ತೈತಿ. ಸುಮ್ನ ನೋಡ್ಕೊಂತ ಕುಂದ್ರಬ್ಯಾಡ, ಏಳು" ಎನ್ನುತ್ತಿದ್ದಳು.

ಯಾರಾದರೂ ಹಾಸಿಗೆ ಹಿಡಿದರೆ ನನ್ನನ್ನು ಸುತ್ತಿ, ಹೆಗಲ ಮೇಲೆ ಹೊತ್ತು ಅವರ ಮನೆಗೆ ಒಯ್ದು ಹಾಸುತ್ತಿದ್ದರು. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನನ್ನ ಮೇಲೆ ಎದುರುಬದುರು ಕೂಡಿಸಿ, ರಾಜಿಯಾಗುವವರೆಗೆ ಏಳಗೊಡುತ್ತಿರಲಿಲ್ಲ. ಅವರ ಮುಖಗಳಿಗಿಂತ ಮೊಣಕಾಲುಗಳೇ ನನಗೆ ಹೆಚ್ಚು ಪರಿಚಯ.

ಆಮೇಲೆ ಸಭೆಯ ಹಿರಿಯ ಜಯವಂತಪ್ಪನಿಗೆ ಒಂದು ಚಿಂತೆ ಹತ್ತಿತು. "ಆಜೂಬಾಜೂ ಊರಿಗೆಲ್ಲ ಅಯ್ಯನವರು ಅದಾರ. ನಮಗಷ್ಟ ಇಲ್ಲ. ಮಂದಿ ಏನಂದಾರು?" ಎಲ್ಲರಿಗೂ ಆ ಮಾತು ಹಿಡಿಸಿತು. ಪಗಾರ ಗೊತ್ತುಮಾಡಿ ಪಾದ್ರಿಯನ್ನು ಕರೆಸಿಕೊಂಡರು.

ಬಂದವರು ರೆವರೆಂಡ್ ಸುಮಂತ ಸತ್ಯಮಿತ್ರ. ಇನ್ನೂ ಮೂವತ್ತು ದಾಟದ, ಮೃದು ಮಾತಿನ ಮನುಷ್ಯ. ಸುಳ್ಳು ಹೇಳಬಾರದು, ಮೊದಲ ಭಾನುವಾರ ಅವರು ಚಪ್ಪಲಿ ಬಿಟ್ಟು ಬಂದು ನನ್ನ ಮೇಲೆಯೇ, ಕರುಣವ್ವನ ಪಕ್ಕದಲ್ಲಿ ಕುಳಿತರು. ಜಯವಂತಪ್ಪ ಹೌಹಾರಿದ. "ಅಯ್ಯನವರ, ಏಳ್ರಿ ಏಳ್ರಿ! ನೀವು ನೆಲಕ್ಕ ಕುಂತ್ರ ನಮ್ಮ ಮರ್ಯಾದಿ ಏನುಳೀತು?" ಎಂದು ಮನೆಗೆ ಓಡಿ ಕುರ್ಚಿ ತಂದ. ಪಾದ್ರಿಗಳು ಸಂಕೋಚದಿಂದ ಅದರ ತುದಿಯಲ್ಲಿ ಕುಳಿತರು. ಮರುವಾರ ಒರಗಿ ಕುಳಿತರು. ವರ್ಷ ತುಂಬುವುದರೊಳಗೆ ಕುರ್ಚಿಗೆ ಮೆತ್ತೆ ಬಂತು, ಕಾಲಿಡಲು ಮಣೆ ಬಂತು. ಕೂಡಿಸಿದವರಿಗೂ ನಾಚಿಕೆಯಿಲ್ಲ, ಕುಳಿತವರಿಗೂ ನಾಚಿಕೆಯಿಲ್ಲ. ನನಗೆ ಮೊದಲ ಸಲ ಹೇಸಿಗೆಯಾದದ್ದು ಆಗ.

ಓದುವವನು ಓದುವುದನ್ನು ಬಿಟ್ಟ. ಹಾಡು ಎತ್ತುವವನು ಪಾದ್ರಿಗಳ ಬಾಯಿ ನೋಡತೊಡಗಿದ. ಒಂದು ಭಾನುವಾರ ಕರುಣವ್ವ ತನ್ನ ರೀತಿಯಲ್ಲಿ ದೇವರನ್ನು ಗದರಿಸುತ್ತಿದ್ದಾಗ ಪಾದ್ರಿಗಳು ನಡುವೆಯೇ "ಆಮೆನ್" ಎಂದುಬಿಟ್ಟರು. ಆಮೇಲೆ ನಗುನಗುತ್ತಲೇ ಹೇಳಿದರು: "ಅಜ್ಜಿ, ಪ್ರಾರ್ಥನೆಗೂ ಒಂದು ಕ್ರಮ ಇರತೈತಿ. ಇನ್ನ ಮುಂದ ನಾ ಮಾಡ್ತೀನಿ, ನೀವು ಮನಸಿನ್ಯಾಗ ಮಾಡ್ಕೋರಿ." ಅವಳ ಕೈಯಲ್ಲೇ ಹುಟ್ಟಿದ ಹನ್ನೆರಡು ಮಂದಿ ಅಂದು ನನ್ನ ಮೇಲೆ ಕುಳಿತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ.

ರೋಗಿಯ ಮನೆಗೆ ಕರೆದರೆ "ಪಗಾರ ತಗೋತಾರಲ್ಲ, ಅವರ ಹೋಗಲಿ" ಎನ್ನುವುದು ರೂಢಿಯಾಯಿತು. ಒಂದು ಮಧ್ಯಾಹ್ನ ಪಾದ್ರಿಗಳು ಒಬ್ಬರೇ ಬಂದು ನನ್ನ ಮೇಲೆ ಅಂಗಾತ ಮಲಗಿದರು. "ಎಲ್ಲಾ ನನ್ನ ತಲೀಮ್ಯಾಲ ಹಾಕ್ಯಾರ. ನಾ ಒಬ್ಬಾವ ಎಷ್ಟಂತ ಸಾಯಲಿ?" ಎಂದು ಹೆಂಚು ನೋಡುತ್ತ ಗೊಣಗಿದರು. ನನಗೆ ಕನಿಕರ ಬಂತು. ಹೊರಗೆ ಯಾರದೋ ಹೆಜ್ಜೆ ಸಪ್ಪಳವಾಯಿತು. ಥಟ್ಟನೆ ಎದ್ದು, ಅಂಗಿ ಕೊಡವಿ, ಕುರ್ಚಿಯೇರಿ, "ಬರ್ರಿ, ಬರ್ರಿ. ನಾ ಅದೀನಲ್ಲ, ಎಲ್ಲಾ ನೋಡ್ಕೋತೀನಿ" ಎಂದರು. ಬಂದ ಕನಿಕರ ಅಲ್ಲೇ ಸತ್ತಿತು.

ಎರಡು ವರ್ಷದ ನಂತರ ಯೋಹಾನಪ್ಪ ಎದೆಬೇನೆಯಿಂದ ಮಲಗಿದ. ಪಾದ್ರಿಗಳು ಮೂರು ದಿನದ ಸಮ್ಮೇಳನಕ್ಕೆಂದು ಪಟ್ಟಣಕ್ಕೆ ಹೋಗಿದ್ದರು. "ಯಾರಾದ್ರೂ ನಾಕ ಮಂದಿ ಬಂದು ಕುಂದ್ರಲಿ" ಎಂದು ಅವನು ಸೊಸೆ ಸುಲೋಚನಾಳನ್ನು ಕಳಿಸಿದ. ಅವಳು ಮನೆಮನೆ ತಿರುಗಿ, ಕೊನೆಗೆ ನನ್ನನ್ನು ಒಯ್ಯಲು ಪ್ರಾರ್ಥನಾಲಯಕ್ಕೆ ಬಂದಳು. ಜಯವಂತಪ್ಪ ಬಾಗಿಲಲ್ಲಿ ಅಡ್ಡ ನಿಂತು, "ಅಯ್ಯನವರು ಬರೂತನಕ ತಡಿಯವ್ವ. ನಾವೇನು ಅದನ್ನ ಕಲ್ತೇವೇನು?" ಎಂದ. ಕರುಣವ್ವ ಗೋಡೆಗೊರಗಿ ನಿಂತಿದ್ದಳು. "ನೀನರ ಬಾ ಅಜ್ಜಿ" ಎಂದರೆ, "ನನಗೀಗ ಬಾಯಿ ಹೊರಳಂಗಿಲ್ಲವ್ವ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸುಲೋಚನಾ ಅವನನ್ನು ಸರಿಸಿ ಒಳಬಂದು, ಒಬ್ಬಳೇ ನನ್ನನ್ನು ಎಳೆದೊಯ್ದು ಮಂಚದ ಬದಿಗೆ ಹಾಸಿದಳು. ಮೊಣಕಾಲೂರಿ ಪ್ರಾರ್ಥನೆ ಶುರುಮಾಡಿದಳು. ಎರಡು ಸಾಲಿಗೇ ತಡವರಿಸಿ ನಿಲ್ಲಿಸಿದಳು. ಯೋಹಾನಪ್ಪ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದ. ಹೊರಗೆ ಯಾರ ಸದ್ದಾದರೂ "ಬಂದ್ರೇನು?" ಎನ್ನುತ್ತಿದ್ದ. ಮೂರನೆಯ ದಿನ ಊಟದ ಹೊತ್ತಿಗೆ ಕೇಳುವುದನ್ನೂ ನಿಲ್ಲಿಸಿದ. ಅವನ ಜೀವ ಹೋದಾಗ ನನ್ನ ಮೇಲೆ ಕುಳಿತಿದ್ದವಳು ಅವಳೊಬ್ಬಳೇ.

ಮರುದಿನ ಅವನ ಮನೆಯಂಗಳದಲ್ಲಿ, ಹೆಣದ ಮುಂದೆ, ಪಾದ್ರಿಗಳು ಬಹಳ ಚೆನ್ನಾಗಿ ಮಾತಾಡಿದರು. ಮಂದಿ ಕಣ್ಣೊರೆಸಿಕೊಂಡು, "ಏನ್ ಛಂದ ಹೇಳಿದ್ರು!" ಎಂದರು. ಸುಲೋಚನಾ ನನ್ನ ಮೇಲಿಂದ ಎದ್ದು ನಿಂತಳು.

"ಮೂರು ದಿನ ಬಾಗಲಾ ನೋಡ್ಕೊಂತ ಸತ್ತರು ನಮ್ಮ ಮಾವ. ಇಲ್ಲೆ ಇಪ್ಪತ್ತು ಮನಿ ಅದಾವು."

"ನನಗೊಂದು ಫೋನ್ ಮಾಡಬೇಕಿತ್ತವ್ವ" ಎಂದರು ಪಾದ್ರಿಗಳು.

"ನಿಮಗಲ್ಲರಿ ಹೇಳಿದ್ದು. ಇವರಿಗೆ."

ಇನ್ನಾದರೂ ಇವರಿಗೆ ಚುಚ್ಚೀತು ಎಂದುಕೊಂಡೆ. ಬಂದ ಭಾನುವಾರ ಜಯವಂತಪ್ಪ ಗಂಟಲು ಸರಿಮಾಡಿಕೊಂಡು ಎದ್ದ. "ಹಿಂಗ ಮತ್ತ ಆಗಬಾರದು. ಅದಕ್ಕ ನಮಗ ಇನ್ನೊಬ್ಬ ಸಹಾಯಕ ಅಯ್ಯನವರು ಬೇಕು." ಎಲ್ಲರೂ ಕೈ ಎತ್ತಿದರು. ಪಾದ್ರಿಗಳೂ ತಲೆಯಾಡಿಸಿದರು. ಹೊಟ್ಟೆ ಇದ್ದಿದ್ದರೆ ನಾನು ಅಲ್ಲೇ ವಾಂತಿ ಮಾಡುತ್ತಿದ್ದೆ.

ಸಹಾಯಕರ ಜೊತೆಗೆ ಬೆಂಚುಗಳೂ ಬಂದವು. ನನ್ನನ್ನು ಹಿಂದಿನ ಕೋಣೆಗೆ ಎಸೆದರು. ಆರು ವರ್ಷ ಇಲಿಗಳು ನನ್ನನ್ನು ತಿಂದವು. ಒಂದು ದಿನ ಸುಲೋಚನಾ ಬಂದು ಕೇಳಿದಾಗ, "ಆ ಚಿಂದಿನ? ಒಯ್ಯವ್ವ" ಎಂದರು. ಅವಳು ಕೊಳೆತ ಭಾಗ ಕತ್ತರಿಸಿ, ಹಳ್ಳದಲ್ಲಿ ಒಗೆದು, ತನ್ನ ಒಳಕೋಣೆಯಲ್ಲಿ ಇಟ್ಟುಕೊಂಡಳು. ಈಗ ನಾನು ನಾಲ್ಕು ಮಂದಿಗೆ ಸಾಲುವಷ್ಟೇ ಇದ್ದೇನೆ. ಪಾದ್ರಿಗಳ ಮೇಲಿನ ನನ್ನ ಹೇಸಿಗೆ ವಯಸ್ಸಿನೊಂದಿಗೆ ಅರ್ಧ ಇಳಿದಿದೆ. ಅವರನ್ನು ಕೆಡಿಸಿ, ತಾವೂ ಕೆಟ್ಟು, ಹಾಯಾಗಿರುವವರ ಮೇಲಿನದು ಇಳಿದಿಲ್ಲ.

ಕಳೆದ ವಾರ ಓಣಿಯ ತುದಿಯ ಹಾಜರಾಬಿಯ ಗಂಡ ಲಕ್ವ ಹೊಡೆದು ಬಿದ್ದ. ಸುಲೋಚನಾ ನನ್ನನ್ನು ಕಂಕುಳಲ್ಲಿ ಸುತ್ತಿಕೊಂಡು ಹೊರಟಳು. ಕಟ್ಟೆಯ ಮೇಲಿದ್ದ ಜಯವಂತಪ್ಪ ಕೂಗಿದ: "ಎಲ್ಲಿಗವ್ವ? ಅಯ್ಯನವರನ್ನ ಕೇಳೀಯೇನು?"

ಅವಳು ನಿಲ್ಲಲೂ ಇಲ್ಲ, ತಿರುಗಿ ನೋಡಲೂ ಇಲ್ಲ.